ಒಲೆ ಮುಂದಿನ ಆಟ

2021ರ ಡಿಸೆಂಬರ್ 2ರ ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ನಮ್ಮೂರ ಬೇಸ್‌ಬಾಲ್ ತಂಡದ ಆಟಗಾರರ ಪಟ್ಟಿ ತೆರೆದೆ. ಹೆಸರುಗಳೆಲ್ಲ ಇದ್ದವು, ಮುಖಗಳು ಮಾತ್ರ ಇರಲಿಲ್ಲ. ಒಂದೊಂದು ಹೆಸರಿನ ಪಕ್ಕದಲ್ಲೂ ಕಣ್ಣು, ಮೂಗು, ಬಾಯಿ ಇಲ್ಲದ ಒಂದೇ ಥರದ ಬೂದು ತಲೆ. ಅದೇ ವಾರ 32.5 ಕೋಟಿ ಡಾಲರ್‌ಗೆ ಒಪ್ಪಿಕೊಂಡು ಬಂದಿದ್ದ ಕೋರಿ ಸೀಗರ್‌ಗೂ ಅದೇ ತಲೆ, ಕನಿಷ್ಠ ಸಂಬಳದ ಹುಡುಗನಿಗೂ ಅದೇ ತಲೆ. ನಮ್ಮ ಮನೆಯವರು ಬೆನ್ನ ಹಿಂದಿನಿಂದ ಇಣುಕಿ, "ಇದೇನು, ವೋಟರ್ ಲಿಸ್ಟಾ?" ಎಂದರು.

ಹಿಂದಿನ ರಾತ್ರಿ, ನ್ಯೂಯಾರ್ಕ್ ಗಡಿಯಾರದಲ್ಲಿ 11 ಗಂಟೆ 59 ನಿಮಿಷಕ್ಕೆ, ಮಾಲೀಕರಿಗೂ ಆಟಗಾರರ ಸಂಘಕ್ಕೂ ಇದ್ದ ಐದು ವರ್ಷದ ಒಪ್ಪಂದ ಮುಗಿದಿತ್ತು. ಮುಗಿದ ಕೂಡಲೇ 30 ತಂಡಗಳ ಮಾಲೀಕರೂ ಒಟ್ಟಾಗಿ ಬೀಗ ಹಾಕಿದರು. ಬೀಗ ಬಿದ್ದಿದ್ದು ಕ್ರೀಡಾಂಗಣದ ಗೇಟಿಗಷ್ಟೇ ಅಲ್ಲ. ಆಟಗಾರ ತಂಡದ ಜಿಮ್ಮಿಗೆ ಹೋಗುವ ಹಾಗಿಲ್ಲ, ತಂಡದ ಡಾಕ್ಟರಿಗೆ ಭುಜ ತೋರಿಸುವ ಹಾಗಿಲ್ಲ, ಕೋಚ್ ಅವನಿಗೆ ಫೋನ್ ಮಾಡುವ ಹಾಗಿಲ್ಲ. ಫೋಟೊ ಬಳಸಿದರೆ ಕಾನೂನಿನ ತಕರಾರು ಬರಬಹುದೆಂದು ಅದನ್ನೂ ತೆಗೆದುಬಿಟ್ಟಿದ್ದರು. ಆಟಗಾರರೇನು ಕಡಿಮೆ? ಅವರೂ ತಮ್ಮ ತಮ್ಮ ಟ್ವಿಟರ್ ಖಾತೆಗಳಲ್ಲಿ ಅದೇ ಬೂದು ತಲೆ ಹಾಕಿಕೊಂಡು ಕೂತರು.

ನಾವಿರುವುದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ. ಡಲ್ಲಾಸ್‌ಗೂ ಫೋರ್ಟ್‌ವರ್ತ್‌ಗೂ ನಡುವಿನ ಊರು. ಬಂದದ್ದು 1993ರಲ್ಲಿ. ನನ್ನ ಕೆಲಸ ಪೇರೋಲ್, ಅಂದರೆ ಯಾರಿಗೆ ಎಷ್ಟು ಸಂಬಳ, ಎಷ್ಟು ಕಡಿತ, ಎಷ್ಟು ಕೈಗೆ ಎಂದು ಲೆಕ್ಕ ಹಾಕುವುದು. ಕ್ರಿಕೆಟ್ ನೋಡಿ ಬೆಳೆದ ನಮ್ಮ ಮನೆಯವರಿಗೆ ಬೇಸ್‌ಬಾಲ್ ಎಂದರೆ ಸಂಬಳ ಜಾಸ್ತಿ ಇರುವ ಚಿನ್ನಿದಾಂಡು. ನನಗೆ ಈ ಆಟ ಹತ್ತಿದ್ದೇ ಆ ಸಂಬಳದ ಕಡೆಯಿಂದ.

ಆಟ ನಡೆಯುವುದು ವಸಂತದಿಂದ ಶರತ್ತಿನವರೆಗೆ, ತಂಡಕ್ಕೆ 162 ಪಂದ್ಯ. ತಂಡ ಕಟ್ಟುವುದು ಮಾತ್ರ ಚಳಿಗಾಲದಲ್ಲಿ. ಯಾರನ್ನು ಬಿಡಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಕೊಟ್ಟು ಯಾರನ್ನು ತರಬೇಕು ಎಂಬುದೆಲ್ಲ ನವೆಂಬರ್‌ನಿಂದ ಮಾರ್ಚ್ ನಡುವೆ ತೀರ್ಮಾನವಾಗುತ್ತದೆ. ಹಿಂದಿನ ಕಾಲದಲ್ಲಿ ಅಂಗಡಿಯ ಒಲೆ ಸುತ್ತ ಕೂತು ಜನ ಇದೇ ಮಾತಾಡುತ್ತಿದ್ದರಂತೆ. ಅದಕ್ಕೇ ಈ ಕಾಲಕ್ಕೆ ಇಲ್ಲಿಯವರು 'ಹಾಟ್ ಸ್ಟೋವ್' ಎನ್ನುತ್ತಾರೆ. ನಮ್ಮ ಕಡೆ ಅರಳಿಕಟ್ಟೆ, ಇಲ್ಲಿ ಒಲೆ.

ನನಗೆ ಈ ಒಲೆ ತೋರಿಸಿದವರು ಪಕ್ಕದ ಮನೆಯ ತಾತ. ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಯೂನಿಯನ್ ಮನುಷ್ಯ. ಅವರ ಹತ್ತಿರ ಷೂ ಡಬ್ಬದ ತುಂಬ ಬೇಸ್‌ಬಾಲ್ ಕಾರ್ಡುಗಳಿದ್ದವು. ಬಬಲ್‌ಗಮ್ ಜೊತೆ ಬರುತ್ತಿದ್ದ ಆಟಗಾರರ ಚಿತ್ರಗಳು ಅವು. ಅದರಲ್ಲಿ ಒಂದನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಇಟ್ಟಿದ್ದರು. 1971ರದ್ದು, ಕಪ್ಪು ಅಂಚು, ಮೇಲೆ ಸೆನೆಟರ್ಸ್ ಎಂಬ ತಂಡದ ಹೆಸರು, ಆಟಗಾರ ಕರ್ಟ್ ಫ್ಲಡ್. "ಈತ ಆ ತಂಡಕ್ಕೆ ಆಡಿದ್ದು ಬರೀ 13 ಆಟ" ಎಂದರು ತಾತ. ಮರುವರ್ಷ ಆ ವಾಷಿಂಗ್ಟನ್ ಸೆನೆಟರ್ಸ್ ಗಂಟುಮೂಟೆ ಕಟ್ಟಿಕೊಂಡು ಆರ್ಲಿಂಗ್ಟನ್‌ಗೆ ಬಂದು ಟೆಕ್ಸಸ್ ರೇಂಜರ್ಸ್ ಆಯಿತು. ಹಾಗಾಗಿ ಫ್ಲಡ್ ಕೊನೆಗೆ ಆಡಿದ್ದು ನಮ್ಮ ತಂಡಕ್ಕೇ ಎಂಬುದು ತಾತನ ವಾದ. ನಾನೂ ಒಪ್ಪಿಕೊಂಡಿದ್ದೇನೆ.

ಫ್ಲಡ್ ಯಾಕೆ ಮುಖ್ಯ ಎಂದು ತಿಳಿಯಬೇಕಾದರೆ 1879ಕ್ಕೆ ಹೋಗಬೇಕು. ಆ ವರ್ಷ ನ್ಯಾಷನಲ್ ಲೀಗ್ ಮಾಲೀಕರು ಒಂದು ಒಳ ಒಪ್ಪಂದ ಮಾಡಿಕೊಂಡರು. ಪ್ರತಿ ತಂಡ ಐದು ಜನರನ್ನು 'ಕಾದಿರಿಸಬಹುದು', ಅವರ ತಂಟೆಗೆ ಬೇರೆ ತಂಡ ಬರಬಾರದು. ಐದು ಇದ್ದದ್ದು ಬರುಬರುತ್ತಾ ಇಡೀ ತಂಡಕ್ಕೆ ಹಬ್ಬಿತು. ಆಟಗಾರನ ಕರಾರು ಮುಗಿದರೆ ಮಾಲೀಕ ಅದನ್ನು ಇನ್ನೊಂದು ವರ್ಷ ಮುಂದುವರಿಸಬಹುದು, ಆ ಮುಂದುವರಿದ ಕರಾರಿನಲ್ಲೂ ಅದೇ ಸಾಲು ಇರುತ್ತದೆ, ಆದ್ದರಿಂದ ಮತ್ತೊಂದು ವರ್ಷ, ಮಗದೊಂದು ವರ್ಷ. ಆಟಗಾರ ಮಾಲೀಕನನ್ನು ಬಿಡಲಾರ. ಮಾಲೀಕ ಬೇಕೆಂದಾಗ ಅವನನ್ನು ಮಾರಬಹುದು, ಬೇಡವೆಂದಾಗ ಕೈಬಿಡಬಹುದು. ಜೀತದ ಪದ್ಧತಿ ನಮ್ಮವರಿಗೆ ಹೊಸದಲ್ಲ, ಅದಕ್ಕೆ ಚೀಟಿ ಬರೆದು ಸಹಿ ಹಾಕಿಸುವುದು ಈ ಊರಿನವರ ನಾಜೂಕು. ಇದರ ವಿರುದ್ಧ ಜಾನ್ ಮಾಂಟ್‌ಗಮರಿ ವಾರ್ಡ್ ಎಂಬ ಆಟಗಾರ, ಕೊಲಂಬಿಯಾದಲ್ಲಿ ಕಾನೂನು ಓದಿದವ, 1890ರಲ್ಲಿ ಜೊತೆಗಾರರನ್ನು ಕಟ್ಟಿಕೊಂಡು ಆಟಗಾರರದೇ ಒಂದು ಲೀಗ್ ನಡೆಸಿದ. ಒಂದೇ ವರ್ಷಕ್ಕೆ ಅದು ಮುಳುಗಿತು. 1922ರಲ್ಲಿ ಸುಪ್ರೀಂ ಕೋರ್ಟ್, ಬೇಸ್‌ಬಾಲ್ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವಲ್ಲ, ಏಕಸ್ವಾಮ್ಯ ತಡೆಯುವ ಕಾನೂನು ಇದಕ್ಕೆ ಅನ್ವಯಿಸದು ಎಂದಿತು. ಟಿಕೆಟ್ ಮಾರಿ, ರೈಲು ಹತ್ತಿ, ಊರೂರು ಸುತ್ತಿ ಆಡುವುದು ವ್ಯಾಪಾರವಲ್ಲವಂತೆ!

ಫ್ಲಡ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ 12 ವರ್ಷ ಆಡಿದವರು, ಫೀಲ್ಡಿಂಗ್‌ಗೆ ಏಳು ಗೋಲ್ಡ್ ಗ್ಲೌವ್ ಗೆದ್ದವರು. 1969ರ ಅಕ್ಟೋಬರ್‌ನಲ್ಲಿ ಒಂದು ದಿನ ಫೋನ್ ಬಂತು, ನಿಮ್ಮನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಿದ್ದೇವೆ ಎಂದು. ಫ್ಲಡ್ ಹೋಗಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಕಮಿಷನರ್ ಬೋವಿ ಕೂನ್‌ಗೆ ಕಾಗದ ಬರೆದು, ತನ್ನನ್ನು ಕೊಳ್ಳುವ ಮಾರುವ ಸಾಮಾನಿನಂತೆ ಕಾಣಬೇಡಿ, ಬೇರೆ ತಂಡಗಳ ಮಾತನ್ನೂ ಕೇಳಲು ಬಿಡಿ ಎಂದರು. ಆಗ ಅವರ ಸಂಬಳ ವರ್ಷಕ್ಕೆ 90,000 ಡಾಲರ್. ಅಷ್ಟು ಸಂಬಳ ತಗೊಳ್ಳುವವನಿಗೆ ಎಂಥ ಜೀತ ಎಂದು ಪತ್ರಿಕೆಯವರು ಆಡಿಕೊಂಡರು. ಕೇಸು ನಡೆದಾಗ ಮಾಜಿ ಆಟಗಾರ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆಡುತ್ತಿದ್ದ ಒಬ್ಬ ಆಟಗಾರನೂ ಬರಲಿಲ್ಲ, ಮಾಲೀಕರ ಹೆದರಿಕೆ. ನಡುವೆ 1971ರಲ್ಲಿ ಸೆನೆಟರ್ಸ್‌ಗೆ ಆಡಲು ಬಂದ ಫ್ಲಡ್ 13 ಆಟಕ್ಕೆ ಸಾಕೆಂದು ಸ್ಪೇನಿಗೆ ಹೊರಟುಹೋದರು. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5–3ರಿಂದ ಸೋತರು. ಅವರ ಹೆಸರಿನಲ್ಲಿ ಕಾಂಗ್ರೆಸ್ ಕಾನೂನು ಮಾಡಿದ್ದು 1998ರಲ್ಲಿ. ಅಷ್ಟರಲ್ಲಿ ಅವರು ಹೋಗಿ ಒಂದು ವರ್ಷ ಕಳೆದಿತ್ತು.

ತಾತನ ಷೂ ಡಬ್ಬಕ್ಕೆ ಮತ್ತೆ ಬರುತ್ತೇನೆ. ಆ ಕಾರ್ಡುಗಳಿಗೂ ಸಂಘಕ್ಕೂ ದೊಡ್ಡ ನಂಟಿದೆ. 1966ರಲ್ಲಿ ಆಟಗಾರರ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಬಂದರು, ಉಕ್ಕು ಕಾರ್ಮಿಕರ ಯೂನಿಯನ್ನಿನಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದವರು. ಬಂದಾಗ ಸಂಘದ ಪೆಟ್ಟಿಗೆಯಲ್ಲಿ ಹೆಚ್ಚೇನೂ ಇರಲಿಲ್ಲ. ಮೊದಲು ಅವರು ಮಾಡಿದ ಕೆಲಸಗಳಲ್ಲಿ ಒಂದು, ಕೋಕಾಕೋಲಾ ಬಾಟಲಿ ಮುಚ್ಚಳದ ಒಳಗೆ ಆಟಗಾರರ ಮುಖ ಅಚ್ಚು ಹಾಕಲು ವರ್ಷಕ್ಕೆ 60,000 ಡಾಲರ್ ಗೊತ್ತುಮಾಡಿದ್ದು. ಆ ದುಡ್ಡಿನಿಂದ ಸಂಘ ಉಸಿರಾಡಿತು. ಆಮೇಲೆ ಟಾಪ್ಸ್ ಕಾರ್ಡ್ ಕಂಪನಿ. ಅಲ್ಲಿಯವರೆಗೆ ಆಟಗಾರನ ಮುಖಕ್ಕೆ ಅದು ಕೊಡುತ್ತಿದ್ದದ್ದು ವರ್ಷಕ್ಕೆ 125 ಡಾಲರ್. ಮಿಲ್ಲರ್ ಅದನ್ನು 250 ಮಾಡಿಸಿದರು, ಮಾರಾಟದಲ್ಲಿ ಪಾಲನ್ನೂ ತಂದರು. ಮುಂದಿನ ಎಲ್ಲ ಜಗಳಗಳಲ್ಲೂ ಸಂಘದ ಉಗ್ರಾಣ ತುಂಬಿದ್ದು ಈ ಮುಖಗಳ ದುಡ್ಡೇ. ಬೂದು ತಲೆ ಕಂಡ ಬೆಳಗ್ಗೆ ನನಗೆ ಮೊದಲು ನೆನಪಾದದ್ದು ಈ ಬಾಟಲಿ ಮುಚ್ಚಳ.

1972ರ ಏಪ್ರಿಲ್ 1ಕ್ಕೆ ಆಟಗಾರರು ಮೊದಲ ಬಾರಿ ಮುಷ್ಕರ ಹೂಡಿದರು. ಪಿಂಚಣಿಯ ಜಗಳ, 13 ದಿನ, 86 ಪಂದ್ಯ ಹಾಳು. ಆರ್ಲಿಂಗ್ಟನ್ ಊರು ತನ್ನ ಹೊಚ್ಚಹೊಸ ತಂಡಕ್ಕೆ ತೋರಣ ಕಟ್ಟಿ ಕಾಯುತ್ತಿದ್ದದ್ದು ಅದೇ ತಿಂಗಳು. ತವರಿನ ಮೊದಲ ಪಂದ್ಯ ಮುಂದಕ್ಕೆ ಹೋಗಿ ಏಪ್ರಿಲ್ 21ಕ್ಕೆ ನಡೆಯಿತು. ನಮ್ಮೂರ ತಂಡದ ಜಾತಕದಲ್ಲೇ ಮುಷ್ಕರ ಬರೆದಿದೆ ಎಂದು ತಾತ ನಗುತ್ತಿದ್ದರು.

ಮುಷ್ಕರ ಎಂದರೆ ಏನೆಂದು ನನಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ 77 ದಿನ ಮುಷ್ಕರ ನಡೆಯಿತಲ್ಲ, ನಮ್ಮಪ್ಪ ಅದರಲ್ಲಿದ್ದರು. ನನಗಾಗ ಹನ್ನೆರಡು. ಬೆಳಗ್ಗೆ ಸೈರನ್ ಇಲ್ಲ, ಅಪ್ಪ ಮನೆಯಲ್ಲೇ. ಮೊದಲ ವಾರ ಅವರು ಕುಕ್ಕರ್ ಹಿಡಿ ಸರಿಮಾಡಿದರು, ಎರಡನೇ ವಾರ ಸೈಕಲ್ ಪೂರ್ತಿ ಬಿಚ್ಚಿ ಜೋಡಿಸಿದರು, ಮೂರನೇ ವಾರ ಮಾಡಲು ಏನೂ ಉಳಿಯಲಿಲ್ಲ. ಶೆಟ್ಟರ ಅಂಗಡಿಗೆ ನನ್ನನ್ನೇ ಕಳಿಸುತ್ತಿದ್ದರು. ದೊಡ್ಡವರು ಹೋದರೆ ಶೆಟ್ಟರು ಲೆಕ್ಕದ ಪುಸ್ತಕ ತೆಗೆದು ತೋರಿಸುತ್ತಿದ್ದರು, ಮಕ್ಕಳಿಗೆ ಸುಮ್ಮನೆ ಬರೆದುಕೊಂಡು ಕೊಡುತ್ತಿದ್ದರು. ಅಮ್ಮನ ಎರಡು ಬಳೆ ಹೋಗಿ ಒಂದು ವಾಪಸು ಬಂತು. ಗೇಟಿನ ಮುಂದೆ ಭಾಷಣಗಳೇನೇ ಇರಲಿ, ಅಪ್ಪ ಮನೆಗೆ ಬಂದು ಹೇಳುತ್ತಿದ್ದದ್ದು ಒಂದೇ: "ಯಾರ ಅಕ್ಕಿ ಡಬ್ಬ ಮೊದಲು ಖಾಲಿ ಆಗುತ್ತೋ ಅವರು ಮೊದಲು ಮಾತಿಗೆ ಬರ್ತಾರೆ." ಅದೇ 1981ರ ಜೂನ್‌ನಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರು 50 ದಿನ ಮುಷ್ಕರ ಮಾಡಿ 700ಕ್ಕೂ ಹೆಚ್ಚು ಪಂದ್ಯ ನಿಲ್ಲಿಸಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

1879ರ ಆ ಸರಪಳಿ ಮುರಿದದ್ದು ಕೋರ್ಟಿನಲ್ಲಲ್ಲ, ಒಬ್ಬ ಮಧ್ಯಸ್ಥನ ಮೇಜಿನ ಮೇಲೆ. ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, 1975ರ ಹಂಗಾಮಿಗೆ ಕರಾರಿಗೆ ಸಹಿ ಹಾಕಲಿಲ್ಲ. ಮೆಕ್‌ನಾಲಿ ಅರ್ಧದಲ್ಲೇ ಆಟ ಬಿಟ್ಟು ಮೊಂಟಾನಾದ ಮನೆಗೆ ಹೋಗಿದ್ದರು. ಆದರೂ ಸಂಘ ಕೇಳಿಕೊಂಡಿತೆಂದು ದೂರಿನಲ್ಲಿ ಹೆಸರು ಉಳಿಸಿಕೊಂಡರು. ತಂಡದವರು ಅಲ್ಲಿಗೇ ಹುಡುಕಿಕೊಂಡು ಹೋಗಿ ದುಡ್ಡಿನ ಆಸೆ ತೋರಿಸಿದರೂ ಜಗ್ಗಲಿಲ್ಲ. ಸಂಘದ ವಾದ ಸರಳ: ಒಂದು ವರ್ಷ ಮುಂದುವರಿಸಬಹುದು ಎಂದರೆ ಒಂದೇ ವರ್ಷ. ಡಿಸೆಂಬರ್ 23ರಂದು ಮಧ್ಯಸ್ಥ ಪೀಟರ್ ಸೈಟ್ಜ್ ಹೌದೆಂದರು. ತೀರ್ಪು ಕೈಗೆ ಬಂದ ಕೂಡಲೇ ಮಾಲೀಕರು ಸೈಟ್ಜ್‌ರನ್ನು ಕೆಲಸದಿಂದ ತೆಗೆದರು. ತೀರ್ಪು ಹೋಗಲಿಲ್ಲ.

ಇಲ್ಲಿಂದ ಮುಂದಿನ ಆರು ತಿಂಗಳು ನನ್ನ ಪ್ರಕಾರ ಈ ಇಡೀ ಕಥೆಯ ಗಟ್ಟಿ ತಿರುಳು. ಎಲ್ಲರಿಗೂ ಬಿಡುಗಡೆ ಸಿಗಬಹುದಿತ್ತು. ಓಕ್‌ಲ್ಯಾಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಜುಗ್ಗ, ಜಗಳಗಂಟ. ಹಿಂದಿನ ವರ್ಷವಷ್ಟೇ ಕರಾರಿನಲ್ಲಿದ್ದ ಒಂದು ಕಂತು ಕಟ್ಟದೆ ಕ್ಯಾಟ್‌ಫಿಷ್ ಹಂಟರ್‌ನಂಥ ಪಿಚರ್‌ನನ್ನು ಕಳೆದುಕೊಂಡಿದ್ದ. ಆದರೆ ಲೆಕ್ಕದಲ್ಲಿ ಅವನೊಬ್ಬನೇ ಜಾಣ. "ಎಲ್ಲರನ್ನೂ ಪ್ರತಿ ವರ್ಷ ಬಿಟ್ಟುಬಿಡಿ" ಎಂದು ಉಳಿದ ಮಾಲೀಕರಿಗೆ ಹೇಳಿದ. ಸಂತೆಗೆ ಬದನೆಕಾಯಿ ಗಾಡಿಗಟ್ಟಲೆ ಬಂದರೆ ಬೆಲೆ ಏನಾಗುತ್ತದೆ? ಉಳಿದವರಿಗೆ ಇದು ಹುಚ್ಚು ಮಾತಾಗಿ ಕಂಡಿತು. ಮಿಲ್ಲರ್‌ಗೆ ಮಾತ್ರ ಎದೆ ಝಲ್ಲೆಂದಿತ್ತು, ಫಿನ್ಲಿ ಮಾತನ್ನು ಎಲ್ಲಿ ಕೇಳಿಬಿಡುತ್ತಾರೋ ಎಂದು. 1976ರ ಜುಲೈನಲ್ಲಿ ಆದ ಒಪ್ಪಂದದಲ್ಲಿ, ದೊಡ್ಡ ಲೀಗಿನಲ್ಲಿ ಆರು ವರ್ಷ ಆಡಿದವನು ಮಾತ್ರ ಸ್ವತಂತ್ರ ಎಂದಾಯಿತು. ಮಾಲೀಕರು ಆರು ವರ್ಷ ಹಿಡಿದಿಟ್ಟೆವೆಂದು ಬೀಗಿದರು. ಪ್ರತಿ ಚಳಿಗಾಲ ಸಂತೆಗೆ ಬರುವವರು ಕೆಲವರೇ ಆದ್ದರಿಂದ ಬೆಲೆ ಏರುತ್ತದೆಂದು ಮಿಲ್ಲರ್ ಸುಮ್ಮನಿದ್ದರು. ಜಾಣತನವೇನೋ ಹೌದು. ಆ ಜಾಣತನದ ಬಿಲ್ಲು ಹೋದದ್ದು ಮಾತ್ರ ಆರು ವರ್ಷ ತುಂಬದ ಹುಡುಗರ ಹೆಸರಿಗೆ, ಇವತ್ತಿಗೂ.

ಆ ಮೊದಲ ಚಳಿಗಾಲದಲ್ಲೇ ನಮ್ಮ ರೇಂಜರ್ಸ್ ಸಂತೆಗೆ ಹೋಗಿ ಬರ್ಟ್ ಕಂಪನೇರಿಸ್ ಮತ್ತು ಡಾಯ್ಲ್ ಅಲೆಕ್ಸಾಂಡರ್ ಅವರನ್ನು ತಂದಿತು. 1976ರಲ್ಲಿ 76 ಪಂದ್ಯ ಗೆದ್ದಿದ್ದ ತಂಡ 1977ರಲ್ಲಿ 94 ಗೆದ್ದಿತು. ಹನ್ನೆರಡು ಚಳಿಗಾಲ ಕಳೆದು ನೋಲನ್ ರಯನ್ ಬಂದದ್ದೂ ಇದೇ ಬಾಗಿಲಿನಿಂದ. ಅವರ ಏಳನೇ ನೋ-ಹಿಟ್ಟರ್, ಅಂದರೆ ಎದುರಾಳಿಗೆ ಒಂದು ಹಿಟ್ ಕೂಡ ಬಿಟ್ಟುಕೊಡದ ಪಂದ್ಯ, 1991ರಲ್ಲಿ ಈ ಊರಲ್ಲೇ ಆಯಿತು, ತಾತ ಅಲ್ಲಿದ್ದರು, ಹೇಳದೆ ಬಿಟ್ಟ ದಿನವಿಲ್ಲ.

ಮಾಲೀಕರು ಸುಮ್ಮನೆ ಕೂರಲಿಲ್ಲ. 1985ರಿಂದ ಮೂರು ಚಳಿಗಾಲ ಒಳಗೊಳಗೇ ಮಾತಾಡಿಕೊಂಡು, ಒಬ್ಬರ ಆಟಗಾರನಿಗೆ ಇನ್ನೊಬ್ಬರು ಬೆಲೆ ಕಟ್ಟದ ಹಾಗೆ ನೋಡಿಕೊಂಡರು. ಆಂಡ್ರೆ ಡಾಸನ್ ಕೊನೆಗೆ ಖಾಲಿ ಕರಾರಿಗೆ ಸಹಿ ಹಾಕಿ, ಅಂಕಿ ನೀವೇ ತುಂಬಿಕೊಳ್ಳಿ ಎಂದು ಷಿಕಾಗೊ ಕಬ್ಸ್‌ಗೆ ಕೊಟ್ಟರು. ಅವರು 5 ಲಕ್ಷ ಎಂದು ತುಂಬಿದರು. 1987ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಡಾಸನ್ನೇ! ಈ ಕೂಟಕ್ಕೆ ಮಾಲೀಕರು ಕೊನೆಗೆ ಕಟ್ಟಿದ ದಂಡ 28 ಕೋಟಿ ಡಾಲರ್.

ಇನ್ನು 1994. ಹೊಸ ಕ್ರೀಡಾಂಗಣ, ಕೆಂಪು ಇಟ್ಟಿಗೆಯ ಚೆಂದದ ಕಟ್ಟಡ, ಆ ಏಪ್ರಿಲ್‌ನಲ್ಲಿ ತೆರೆದಿತ್ತು. ತಾತ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೂರು ಗಂಟೆಯಲ್ಲಿ ನನಗೆ ಅರ್ಥವಾದದ್ದು ಕಡಲೆಕಾಯಿ ಸಿಪ್ಪೆಯನ್ನು ಕಾಲಡಿಗೇ ಬಿಸಾಡಬಹುದು ಎಂಬುದಷ್ಟೇ. ಜುಲೈ 28ರಂದು ಅದೇ ಅಂಗಳದಲ್ಲಿ ಕೆನ್ನಿ ರಾಜರ್ಸ್ 27 ಬ್ಯಾಟರ್‌ಗಳಲ್ಲಿ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ಪೂರ್ಣ ಆಟ ಮುಗಿಸಿದರು. ಆಟಗಾರರ ಸಂಘ ಮುಷ್ಕರಕ್ಕೆ ಆಗಸ್ಟ್ 12ರ ದಿನ ಗೊತ್ತುಮಾಡಿದ್ದೂ ಅದೇ ದಿನ. ಆಟ ನಿಂತಾಗ ರೇಂಜರ್ಸ್ 52 ಗೆದ್ದು 62 ಸೋತಿತ್ತು, ಆದರೂ ತನ್ನ ವಿಭಾಗದಲ್ಲಿ ಮೊದಲನೇ ಸ್ಥಾನ! ಉಳಿದವರು ಅಷ್ಟು ಕೆಟ್ಟದಾಗಿದ್ದರು. ಮಾಲೀಕರು ಸಂಬಳಕ್ಕೆ ಮಿತಿ ಬೇಕೆಂದರು, ಆಟಗಾರರು ಬೇಡವೆಂದರು. ವಿಶ್ವ ಸರಣಿಯೇ ರದ್ದಾಯಿತು. ಮುಷ್ಕರ 232 ದಿನ ನಡೆಯಿತು. ಮುಷ್ಕರದ ನಡುವೆಯೂ ತಂಡ ಕಟ್ಟುವ ಕೆಲಸ ನಿಂತಿರಲಿಲ್ಲ. ಡಿಸೆಂಬರ್‌ನಲ್ಲಿ ರೇಂಜರ್ಸ್ ಹೊಸೆ ಕನ್ಸೆಕೊರನ್ನು ಬಾಸ್ಟನ್‌ಗೆ ಕೊಟ್ಟಿತು. ಆಡದೇ ಇರುವ ಆಟಗಾರನನ್ನು ಆಡದೇ ಇರುವ ತಂಡಕ್ಕೆ ಮಾರುವುದು! ವಸಂತ ಬಂದಾಗ ಮಾಲೀಕರು ಬದಲಿ ಆಟಗಾರರನ್ನು ತಂದು ಶಿಬಿರ ನಡೆಸಿದರು. ತಾತ ಆ ಪದವನ್ನು ಬಾಯಲ್ಲಿ ಆಡಲಿಲ್ಲ, ನೆಲಕ್ಕೆ ಉಗಿದರು. 1995ರ ಮಾರ್ಚ್ 31ರಂದು ನ್ಯೂಯಾರ್ಕ್‌ನ ನ್ಯಾಯಾಧೀಶೆ ಸೋನಿಯಾ ಸೊಟೊಮೇಯರ್ ಮಾಲೀಕರ ವಿರುದ್ಧ ತಡೆ ಕೊಟ್ಟರು, ಆಟ ಶುರುವಾಯಿತು.

ಶುರುವಾದ ವಾರ ಏನಾಯಿತು ನೋಡಿ. ಮುಷ್ಕರದ ಹೊತ್ತಿಗೆ ಇಡೀ ಬೇಸ್‌ಬಾಲ್‌ನಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಮಾಂಟ್ರಿಯಲ್ ಎಕ್ಸ್‌ಪೋಸ್, 74 ಗೆಲುವು, 40 ಸೋಲು. ತಿಂಗಳುಗಟ್ಟಲೆ ಗಲ್ಲಾಪೆಟ್ಟಿಗೆ ಖಾಲಿ. ಮುಷ್ಕರ ಮುಗಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಅಂಗಡಿ ಖಾಲಿ ಮಾಡಿದ್ದು. ಕೆಲವೇ ದಿನಗಳಲ್ಲಿ ಕೆನ್ ಹಿಲ್ ಸೇಂಟ್ ಲೂಯಿಸ್‌ಗೆ, ಜಾನ್ ವೆಟ್‌ಲ್ಯಾಂಡ್ ಯಾಂಕೀಸ್‌ಗೆ, ಮಾರ್ಕಿಸ್ ಗ್ರಿಸಮ್ ಅಟ್ಲಾಂಟಾಕ್ಕೆ. ಲ್ಯಾರಿ ವಾಕರ್ ತಾವಾಗಿ ಕೊಲರಾಡೊಗೆ. ಆ ವರ್ಷದ ವಿಶ್ವ ಸರಣಿಯ ಕೊನೆಯ ಕ್ಯಾಚ್ ಹಿಡಿದದ್ದು ಗ್ರಿಸಮ್, ಅಟ್ಲಾಂಟಾ ಟೋಪಿಯಲ್ಲಿ. ಹತ್ತು ವರ್ಷದಲ್ಲಿ ಎಕ್ಸ್‌ಪೋಸ್ ತಂಡವೇ ಊರು ಬಿಟ್ಟು ವಾಷಿಂಗ್ಟನ್‌ಗೆ ಹೋಯಿತು. ಅಪ್ಪನ ಅಕ್ಕಿ ಡಬ್ಬದ ಮಾತು ತಂಡಗಳಿಗೂ ಸಲ್ಲುತ್ತದೆ.

2000ದ ಡಿಸೆಂಬರ್‌ನಲ್ಲಿ ರೇಂಜರ್ಸ್ ಅಲೆಕ್ಸ್ ರೊಡ್ರಿಗೆಜ್‌ಗೆ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್ ಕೊಟ್ಟು, ಮೂರು ವರ್ಷ ಸಾಲಾಗಿ ಕೊನೆಯ ಸ್ಥಾನದಲ್ಲಿ ಕೂತಿತು. ಆಮೇಲೆ ಅವರನ್ನು ನ್ಯೂಯಾರ್ಕ್‌ಗೆ ಕೊಟ್ಟರು. 2010ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿದಾಗ ತಂಡ ಬಾಕಿ ಕೊಡಬೇಕಿದ್ದವರ ಪಟ್ಟಿಯ ಮೇಲುಗಡೆ ಇದ್ದ ಹೆಸರು ಅದೇ ರೊಡ್ರಿಗೆಜ್. ಪೇರೋಲ್ ಕೆಲಸದವಳಾಗಿ ಹೇಳುತ್ತೇನೆ, ಮುಂದೂಡಿದ ಸಂಬಳ ಎಂಬುದು ಬಲು ಕೆಟ್ಟದ್ದು.

ಆದ್ದರಿಂದ 2021ರ ನವೆಂಬರ್ ಕೊನೆಯಲ್ಲಿ, 102 ಪಂದ್ಯ ಸೋತು ಬಂದಿದ್ದ ತಂಡ ಮತ್ತೆ ಚೀಲ ಬಿಚ್ಚಿದಾಗ ಊರವರಿಗೆ ಗಾಬರಿಯೇ ಆಯಿತು. ಡಿಸೆಂಬರ್ 1ಕ್ಕೆ ಬೀಗ ಬೀಳುವುದು ಎಲ್ಲರಿಗೂ ಗೊತ್ತಿತ್ತು. ಸಾಮಾನ್ಯವಾಗಿ ಜನವರಿವರೆಗೆ ಎಳೆದಾಡುವ ವ್ಯವಹಾರಗಳು ಒಂದೇ ವಾರದಲ್ಲಿ ಮುಗಿದವು, ಆಷಾಢ ಮಾಸಕ್ಕೆ ಮುಂಚೆ ಮದುವೆಗಳು ಮುಗಿಯುವ ಹಾಗೆ. ಮಾರ್ಕಸ್ ಸಿಮಿಯನ್‌ಗೆ ಏಳು ವರ್ಷಕ್ಕೆ 17.5 ಕೋಟಿ, ಸೀಗರ್‌ಗೆ ಹತ್ತು ವರ್ಷಕ್ಕೆ 32.5 ಕೋಟಿ, ಪಿಚರ್ ಜಾನ್ ಗ್ರೇಗೆ ನಾಲ್ಕು ವರ್ಷಕ್ಕೆ 5.6 ಕೋಟಿ. ಮೂವರಿಗೇ 55.6 ಕೋಟಿ ಡಾಲರ್. ತಮಾಷೆಯೆಂದರೆ ಸಿಮಿಯನ್ ಸಂಘದ ಎಂಟು ಜನರ ಸಮಿತಿಯಲ್ಲಿದ್ದವರು. ಮೆಟ್ಸ್‌ನಿಂದ ಮೂರು ವರ್ಷಕ್ಕೆ 13 ಕೋಟಿ ಪಡೆದ ಮ್ಯಾಕ್ಸ್ ಷೆರ್ಜರ್ ಕೂಡ. ಹಗಲು ಮಾಲೀಕರ ಜೊತೆ ಕರಾರು, ರಾತ್ರಿ ಮಾಲೀಕರ ವಿರುದ್ಧ ಸಭೆ.

ಬೀಗ ಹಾಕಿದ್ದು ಮಾತುಕತೆ ಚುರುಕಾಗಲಿ ಎಂದು, ಹೀಗೆಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಹೇಳಿದರು. ಆಮೇಲೆ 43 ದಿನ ಮಾಲೀಕರ ಕಡೆಯಿಂದ ಒಂದು ಪ್ರಸ್ತಾಪವೂ ಬರಲಿಲ್ಲ. ಈ ಅವಧಿಯಲ್ಲಿ ನನಗೆ ಪಾಪ ಅನಿಸಿದ್ದು ಐಸಾಯಾ ಕೈನರ್-ಫಲೇಫಾ ಎಂಬ ಹುಡುಗನನ್ನು ನೋಡಿ. 2021ರಲ್ಲಿ ನಮ್ಮ ಶಾರ್ಟ್‌ಸ್ಟಾಪ್ ಅವನೇ. ಆ ಜಾಗಕ್ಕೆ ಸೀಗರ್ ಬಂದಾಯಿತು. ನನ್ನನ್ನು ಏನು ಮಾಡುತ್ತೀರಿ ಎಂದು ಕೇಳೋಣವೆಂದರೆ ತಂಡದವರು ಫೋನಿನಲ್ಲಿ ಮಾತಾಡುವ ಹಾಗಿಲ್ಲ. 99 ದಿನ ಹಾಗೇ. ಮಾರ್ಚ್ 10ಕ್ಕೆ ಬೀಗ ತೆಗೆದರು. 12ಕ್ಕೆ ಅವನನ್ನು ಮಿನೆಸೋಟಾಗೆ ಕೊಟ್ಟು ಮಿಚ್ ಗಾರ್ವರ್ ಎಂಬ ಕ್ಯಾಚರ್‌ನನ್ನು ತಂದರು. 13ಕ್ಕೆ ಮಿನೆಸೋಟಾದವರು ಅವನನ್ನು ನ್ಯೂಯಾರ್ಕ್‌ಗೆ ದಾಟಿಸಿದರು. ಎರಡು ದಿನದಲ್ಲಿ ಮೂರು ಟೋಪಿ.

ಇಲ್ಲಿ ಬೀಗ ಬಿದ್ದಿದ್ದಾಗಲೇ, ಫೆಬ್ರವರಿ 12ಕ್ಕೆ, ಬೆಂಗಳೂರಿನಲ್ಲಿ ಐಪಿಎಲ್ ಹರಾಜು. ನನ್ನ ತಮ್ಮ ವಿಡಿಯೋ ಕಾಲ್ ಮಾಡಿ ಟಿವಿಯನ್ನೇ ತೋರಿಸಿದ. ಹರಾಜು ಕೂಗುತ್ತಿದ್ದ ಹ್ಯೂ ಎಡ್ಮೀಡ್ಸ್ ವೇದಿಕೆಯಲ್ಲೇ ಕುಸಿದು, ಚಾರು ಶರ್ಮಾ ಬಂದು ಕೂಗುವುದನ್ನು ಮುಂದುವರಿಸಿದ ದಿನ ಅದು. ಇಶಾನ್ ಕಿಶನ್‌ಗೆ ಮುಂಬೈ ತಂಡದಿಂದ 15.25 ಕೋಟಿ ರೂಪಾಯಿ.

"ನೋಡಕ್ಕಾ, ಎರಡೇ ದಿನ, ಎಲ್ಲ ಮುಗಿಯುತ್ತೆ. ನಿಮ್ಮವರದ್ದು ಇನ್ನೂ ಜಗಳಾನಾ?" ಎಂದ.

"ಕಿಶನ್‌ಗೆ ಮುಂಬೈ ಬೇಡ ಅನ್ನೋಕೆ ಆಗುತ್ತೇನೋ?"

"ಬೇಡ ಯಾಕಂತಾನೆ? 15 ಕೋಟಿ!"

90,000 ಡಾಲರ್‌ಗೆ ಫ್ಲಡ್ ಕೇಳಿಸಿಕೊಂಡ ಮಾತೇ ಇದು. ತಮ್ಮನಿಗೆ ಅದನ್ನೆಲ್ಲ ಹೇಳಲಿಲ್ಲ, ಅವನಿಗೆ ಅಲ್ಲಿ ರಾತ್ರಿಯಾಗಿತ್ತು. ನಮ್ಮಲ್ಲಿ 2019ರಲ್ಲಿ ಕ್ರಿಕೆಟಿಗರ ಸಂಘವೊಂದು ಆಗಿದೆ, ನಿವೃತ್ತರಿಗೆ. ಆಡುತ್ತಿರುವವರಿಗೆ ಅದರಲ್ಲಿ ಜಾಗವಿಲ್ಲ.

ಫೆಬ್ರವರಿ ಕೊನೆಗೆ ಎರಡೂ ಕಡೆಯವರು ಫ್ಲೋರಿಡಾದ ಜುಪಿಟರ್‌ನಲ್ಲಿ, ಒಂದು ಖಾಲಿ ಕ್ರೀಡಾಂಗಣದಲ್ಲಿ ಕೂತರು. ಒಂದು ದಿನವಂತೂ 16 ಗಂಟೆಗೂ ಹೆಚ್ಚು, ರಾತ್ರಿ ಎರಡು ದಾಟುವವರೆಗೆ. ಕೊನೆಗೆ ಕನಿಷ್ಠ ಸಂಬಳ 5,70,500ರಿಂದ 7 ಲಕ್ಷ ಡಾಲರ್‌ಗೆ ಏರಿತು. ಸಂಬಳಕ್ಕೆ ಹೆಚ್ಚು ಖರ್ಚು ಮಾಡುವ ತಂಡಗಳಿಗೆ ದಂಡ ಶುರುವಾಗುವ ಗೆರೆ 23 ಕೋಟಿಗೆ ಹೋಯಿತು. ಇನ್ನೂ ಸಂಬಳದ ಚೌಕಾಸಿಗೆ ಹಕ್ಕಿಲ್ಲದ ಎಳೆಯ ಆಟಗಾರರಿಗೆ ಹಂಚಲು 5 ಕೋಟಿಯ ನಿಧಿ ಬಂತು. ಸಂಘದೊಳಗೆ ಮತ ಹಾಕಿದಾಗ ಆ ಎಂಟು ಜನರ ಸಮಿತಿ, ಅಂದರೆ ಬಹುಪಾಲು ದೊಡ್ಡ ಸಂಬಳದವರು, ಎಂಟೂ ಮತವನ್ನು ವಿರುದ್ಧ ಹಾಕಿದರು. ತಂಡಗಳ ಪ್ರತಿನಿಧಿಗಳು ಸೇರಿ ಎಣಿಸಿದಾಗ 26–12ರಿಂದ ಒಪ್ಪಂದ ಗೆದ್ದಿತು. ಯಾರ ಡಬ್ಬ ತಳ ಕಂಡಿತ್ತು ಎಂಬುದು ಆ ಎರಡು ಅಂಕಿಗಳಲ್ಲೇ ಇದೆ. ಆರು ವರ್ಷದ ಸಾಲು ಹಾಗೇ ಉಳಿಯಿತು.

ತಾತ ಇದನ್ನೆಲ್ಲ ನೋಡಲು ಇರಲಿಲ್ಲ. 2023ರ ನವೆಂಬರ್ 1ರಂದು ಫೀನಿಕ್ಸ್‌ನಲ್ಲಿ ವಿಶ್ವ ಸರಣಿಯ ಐದನೇ ಪಂದ್ಯ ನಡೆದಾಗ ನಾನು ಅವರ ಷೂ ಡಬ್ಬ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಅವರ ಮಗಳು ಅದನ್ನು ನನಗೇ ಕೊಟ್ಟಿದ್ದಳು. ಆರು ಇನಿಂಗ್ಸ್ ಮುಗಿದರೂ ಅರಿಜೋನಾದ ಪಿಚರ್‌ಗೆ ನಮ್ಮವರಿಂದ ಒಂದು ಹಿಟ್ ಕೂಡ ಆಗಿರಲಿಲ್ಲ. ಏಳನೆಯದರಲ್ಲಿ ಸೀಗರ್ ಚೆಂಡನ್ನು ಮೆಲ್ಲಗೆ ಎಡಕ್ಕೆ ತಳ್ಳಿ ಬೇಸ್ ಸೇರಿದರು. ಬೀಗ ಬೀಳುವ ಎರಡು ದಿನ ಮುಂಚೆ ಒಪ್ಪಿಕೊಂಡವರು. ಮುಂದಿನವನು ಇವಾನ್ ಕಾರ್ಟರ್, 21 ವರ್ಷ, ಸೆಪ್ಟೆಂಬರ್‌ನಲ್ಲಷ್ಟೇ ದೊಡ್ಡ ಲೀಗಿಗೆ ಬಂದವನು, ಆರು ವರ್ಷದ ಗಡಿಯಾರ ಈಗ ತಾನೇ ಶುರುವಾಗಿತ್ತು. ಅವನು ಡಬಲ್ ಹೊಡೆದ. ಮೂರನೆಯವರು ಗಾರ್ವರ್, ಬೀಗ ತೆಗೆದ ಎರಡನೇ ದಿನ ಕೈನರ್-ಫಲೇಫಾನನ್ನು ಕೊಟ್ಟು ತಂದವರು. ಅವರ ಹಿಟ್ಟಿಗೆ ಸೀಗರ್ ಮನೆ ಮುಟ್ಟಿದರು, 1–0. ಒಂಬತ್ತನೇ ಇನಿಂಗ್ಸ್‌ನಲ್ಲಿ ಸಿಮಿಯನ್ ಹೋಮ್ ರನ್ ಹೊಡೆದು ಲೆಕ್ಕ ಮುಗಿಸಿದರು, 5–0. ಸೆನೆಟರ್ಸ್ ಕಾಲದಿಂದ ಎಣಿಸಿದರೂ ಈ ತಂಡಕ್ಕೆ ಅದೇ ಮೊದಲ ವಿಶ್ವ ಸರಣಿ ಗೆಲುವು. ನಮ್ಮ ಮನೆಯವರು ಎದ್ದು ನಿಂತು ಚಪ್ಪಾಳೆ ಹೊಡೆದರು, ಚಿನ್ನಿದಾಂಡಿನ ಮಾತು ಎತ್ತಲಿಲ್ಲ.

ಕರ್ಟ್ ಫ್ಲಡ್ ಕಾರ್ಡು ಈಗ ನಮ್ಮ ದೇವರ ಮನೆಯ ಪಕ್ಕದ ಕಪಾಟಿನಲ್ಲಿದೆ. ಸೀಗರ್ ಕರಾರು 2031ರವರೆಗೆ. ಬೀಗ ತೆಗೆಸಿದ ಒಪ್ಪಂದದಲ್ಲಿ ಬರೆದಿರುವ ಕೊನೆಯ ದಿನ 2026ರ ಡಿಸೆಂಬರ್ 1, ರಾತ್ರಿ 11 ಗಂಟೆ 59 ನಿಮಿಷ.